ದುಡ್ಡು ನೋಡಿ ಓಟು ಹಾಕ್ತಾರೆ ಅನ್ನೋರಿಗೆ

ನಾನು ಸೊರಬ ಕಡೆಯವ್ನು, ಈಗಿರೋದು ಅಮೆರಿಕದ ಕನೆಕ್ಟಿಕಟ್‌ನಲ್ಲಿ. ಇಲ್ಲಿಗೆ ಬಂದ ಹೊಸದ್ರಲ್ಲಿ ಇಲ್ಲಿನವರ ಓಟಿನ ಲೆಕ್ಕಾನೇ ತಲೆಗೆ ಹೋಗ್ತಿರ್ಲಿಲ್ಲ. ರಿಪಬ್ಲಿಕನ್ ಅಂದ್ರೆ ಸಾಹುಕಾರರ ಪಾರ್ಟಿ, ಟ್ಯಾಕ್ಸ್ ಕಮ್ಮಿ ಮಾಡೋರು ಅಂತ ಕೇಳಿದ್ದೆ. ಹಂಗಿದ್ರೆ ಇಷ್ಟು ದುಡ್ಡಿರೋ ಕನೆಕ್ಟಿಕಟ್ 1992ರಿಂದ ಪ್ರತಿ ಅಧ್ಯಕ್ಷರ ಚುನಾವಣೇಲೂ ಎದುರು ಪಾರ್ಟಿ ಡೆಮಾಕ್ರಾಟ್ ಕಡೆ ಯಾಕೆ, ತೀರಾ ಬಡ ರಾಜ್ಯ ಮಿಸಿಸಿಪ್ಪಿ 1980ರಿಂದ ರಿಪಬ್ಲಿಕನ್ ಕಡೆ ಯಾಕೆ?

ಆಮೇಲೆ ತಿಳೀತು, ರಾಜ್ಯದ ಒಳಗೆ ಹೊಕ್ಕು ನೋಡಿದ್ರೆ ಕಥೆ ಬೇರೆ. 2000, 2004ರ ಚುನಾವಣೆಗಳಲ್ಲಿ ಮಿಸಿಸಿಪ್ಪಿಯ ದುಡ್ಡಿರೋರು ಅಲ್ಲಿನ ಬಡವರಿಗಿಂತ ಎಷ್ಟೋ ಜಾಸ್ತಿ ರಿಪಬ್ಲಿಕನ್ ಕಡೆ ಇದ್ರು, ಕನೆಕ್ಟಿಕಟ್‌ನಲ್ಲಿ ಆ ವ್ಯತ್ಯಾಸ ತೀರಾ ಸಣ್ಣದು. ಆದ್ರೆ ಮಿಸಿಸಿಪ್ಪೀಲೂ ಬರೀ ಆದಾಯ ಅಲ್ಲ, ಅಲ್ಲಿನ ಬಡವರಲ್ಲಿ ಡೆಮಾಕ್ರಾಟ್ ಕಡೆ ಇರೋ ಕಪ್ಪು ಜನ ಜಾಸ್ತಿ, ಅವರ ಹಿರೀಕರು ಹತ್ತಿ ಹೊಲದಲ್ಲಿ ಗುಲಾಮರಾಗಿ ದುಡಿದೋರು, 1965ರ ಮತದಾನ ಹಕ್ಕಿನ ಕಾಯ್ದೆ ಬರೋ ತನಕ ಅವರಲ್ಲಿ ಹೆಚ್ಚಿನೋರಿಗೆ ಓಟು ಹಾಕಕ್ಕೇ ಬಿಡ್ತಿರ್ಲಿಲ್ಲ. ಇದನ್ನ ಓದ್ವಾಗ ನಂಗೆ ನೆನಪಾಗಿದ್ದು ಒಡೇರ ಗದ್ದೆ ಉತ್ತು ಅವರಿಗೆ ಭತ್ತ ಅಳೆದು ಕೊಡ್ತಿದ್ದ ನಮ್ಮಜ್ಜನ ಗೇಣಿ.

ಸಾಗರದ ಕಾಗೋಡಲ್ಲಿ 1951ರಲ್ಲಿ ಗೇಣಿದಾರರು ತಿರುಗಿಬಿದ್ದಿದ್ದು ಭತ್ತ ಅಳೆಯೋ ಕೊಳಗದ ವಿಚಾರಕ್ಕೆ. ನಮ್ಮಜ್ಜಿನೂ ಹೇಳ್ತಿದ್ಲು, ಕಣಕ್ಕೆ ಒಡೇರ ಮನೆ ಕೊಳಗ ಬರ್ತಿತ್ತಂತೆ, ಅದು ನಮ್ಮನೆ ಕೊಳಗಕ್ಕಿಂತ ದೊಡ್ಡದು ಅಂತ ಎಲ್ರಿಗೂ ಗೊತ್ತು, ಯಾರೂ ಬಾಯಿ ಬಿಡೋ ಹಂಗಿಲ್ಲ, ಅಳೆದು ಮುಗಿಯೋದ್ರೊಳಗೆ ರಾಶಿ ಬುಡಕ್ಕೆ ಬಂದಿರ್ತಿತ್ತು. ಕಾಗೋಡಿನ ಹೋರಾಟಕ್ಕೆ ಸಮಾಜವಾದಿ ನಾಯಕ ಲೋಹಿಯಾ ಬಂದು ಅರೆಸ್ಟಾದ್ರು, 1952ರಲ್ಲಿ ಅದೇ ಹೋರಾಟದ ಶಾಂತವೇರಿ ಗೋಪಾಲಗೌಡ್ರು ಎಮ್ಮೆಲ್ಲೆ ಆದ್ರು. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆ ತಿದ್ದುಪಡಿ ಆದ್ಮೇಲೆ, ಅಜ್ಜ ಗೇಣಿದಾರರು ಹಾಕೋ 7ನೇ ನಂಬರ್ ಡಿಕ್ಲರೇಷನ್ ಫಾರಂ ಹಾಕಿ ಗದ್ದೆ ತನ್ನ ಹೆಸ್ರಿಗೆ ಮಾಡಿಸ್ಕೊಂಡ. ನಮ್ಮನೇಲಿ ಇವತ್ತಿಗೂ ಅದು ಡಿಕ್ಲರೇಷನ್ ಗದ್ದೆ.

ಆ ಮನೇಲಿ ಹುಟ್ಟಿದ ಅಪ್ಪಯ್ಯನಿಗೆ ಪಾರ್ಟಿ ಗುರ್ತು ದೊಡ್ಡದಾಗಿರ್ಲಿಲ್ಲ, ಬಂಗಾರಪ್ಪೋರು ದೊಡ್ಡೋರು. ಪಂಪ್‌ಸೆಟ್ಟಿಗೆ ಫ್ರೀ ಕರೆಂಟ್ ಕೊಟ್ಟೋರು ಅಂತ ಒಂದು, ನಮ್ಮವ್ನೊಬ್ಬ ವಿಧಾನಸೌಧದಲ್ಲಿ ಮುಖ್ಯಮಂತ್ರಿ ಕುರ್ಚಿ ಮೇಲೆ ಕೂತ ಅನ್ನೋದು ಅದಕ್ಕಿಂತ ದೊಡ್ಡದು. ಲೋಕಸಭೆಗೆ 1996ರಲ್ಲಿ ಅವರದೇ ಕೆಸಿಪಿ (ಕರ್ನಾಟಕ ಕಾಂಗ್ರೆಸ್ ಪಾರ್ಟಿ), 1999ರಲ್ಲಿ ಕಾಂಗ್ರೆಸ್, 2004ರಲ್ಲಿ ಬಿಜೆಪಿ, 2005ರ ಬೈ ಎಲೆಕ್ಷನ್ನಲ್ಲಿ ಸಮಾಜವಾದಿ, ನಾಲ್ಕೂ ಸಲ ಶಿವಮೊಗ್ಗದಿಂದ ಅವರೇ ಗೆದ್ರು. ಸಮಾಜವಾದಿ ಪಾರ್ಟಿಯ ಸೈಕಲ್ ಗುರ್ತು ಬಂದಾಗ ಅಪ್ಪಯ್ಯ ಮನೆಮನೆಗೆ ಹೋಗಿ, ಈ ಸಲ ಸೈಕಲ್ಲು, ಕೈಗೂ ಒತ್ಬೇಡಿ ಹೂವಿಗೂ ಒತ್ಬೇಡಿ ಅಂತ ಮುದುಕ್ರಿಗೆಲ್ಲ ಚೀಟಿ ತೋರಿಸಿ ಬಂದಿದ್ದು ನಂಗಿನ್ನೂ ಕಣ್ಣಿಗೆ ಕಟ್ಟಿದಂಗಿದೆ. ಇದನ್ನ ಯಾವ ಆದಾಯದ ಲೆಕ್ಕದಲ್ಲಿ ಹಿಡೀತೀರಿ?

ಇಲ್ಲಿರೋ ನಮ್ಮ ಕನ್ನಡದೋರೇ ಊರಿನ ಬಡವರು ಬಿಟ್ಟಿ ಭಾಗ್ಯಕ್ಕೆ ಓಟು ಮಾರ್ಕೊಳ್ತಾರೆ ಅಂದಾಗ ನಂಗೆ ಹೊಟ್ಟೇಲಿ ಸಂಕಟ ಆಗತ್ತೆ. 2023ರಲ್ಲಿ ಶಿವಮೊಗ್ಗ ಜಿಲ್ಲೆಯ ಏಳು ಸೀಟಲ್ಲಿ ಬಿಜೆಪಿ 3, ಕಾಂಗ್ರೆಸ್ 3, ಜೆಡಿಎಸ್ 1. ಆಮೇಲೆ ಕಾಂಗ್ರೆಸ್ ಸರ್ಕಾರ ಬಂದು ಹೆಂಗಸ್ರ ಅಕೌಂಟಿಗೆ ತಿಂಗಳಿಗೆ ಗೃಹಲಕ್ಷ್ಮಿ 2000 ರೂಪಾಯಿ ಬರಕ್ಕೆ ಶುರುವಾಯ್ತು. 2024ರ ಲೋಕಸಭೆಗೆ ಅದೇ ಶಿವಮೊಗ್ಗದಲ್ಲಿ ಬಿಜೆಪಿ 2 ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆಲ್ತು. ದುಡ್ಡಿಗೇ ಓಟು ಅಂದ್ರೆ ಹಿಂಗ್ಯಾಕಾಗ್ತಿತ್ತು? ನಮ್ಮಮ್ಮನ್ನ ಕೇಳ್ದೆ, "ಅದು ಮನೆ ಖರ್ಚಿಗೆ ಕಣಾ, ಓಟು ನಂದು" ಅಂದ್ಲು. ಯಾರಿಗೆ ಹಾಕಿದೆ ಅಂತ ನಂಗೂ ಹೇಳ್ಲಿಲ್ಲ.

ಹಂಗಂತ ಹೊಟ್ಟೆಪಾಡು ಲೆಕ್ಕಕ್ಕೇ ಬರಲ್ಲ ಅಂತಲ್ಲ. ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದು ಸೋಗೆ ಎಲ್ಲ ಒಣಗ್ತಿದೆ, ಮರ ಹತ್ತಿ ಔಷಧಿ ಹೊಡೆಯೋ ಕೊನೆಗಾರ ಸಿಗ್ತಿಲ್ಲ, ಸಿಕ್ರೂ ಕೂಲಿ ಕೊಡಕ್ಕಾಗಲ್ಲ. ಆ 2024ರ ಎಲೆಕ್ಷನ್ ಟೈಮಲ್ಲಿ ಕೈ ಮುಗ್ಕೊಂಡು ಅಂಗಳಕ್ಕೆ ಬಂದ ಎರಡೂ ಪಾರ್ಟಿಯೋರನ್ನ ಅಮ್ಮ ತೋಟದ ಬೇಲಿ ತನಕ ಕರ್ಕೊಂಡು ಹೋಗಿ, ಮೊದ್ಲು ಆ ಮರದ ತಲೆ ನೋಡಿ ಅಂದ್ಲಂತೆ.