ಗಂಟೆಗಂಟೆಗೂ ಕರಗುವ ಔಷಧಿ

ಕ್ಯಾನ್ಸರಿಗೆ ಹೊಸ ಔಷಧಿ ಬಂತೆಂದರೆ ನಾವು ಮೊದಲು ವಿಚಾರಿಸುವುದು ಅದರ ಬೆಲೆಯನ್ನು. ವಿಕಿರಣಶೀಲ ಔಷಧಿಗಳ ವಿಷಯದಲ್ಲಿ ಅದಕ್ಕೂ ಮೊದಲು ಕೇಳಬೇಕಾದದ್ದು, ಅದು ಎಲ್ಲಿ ತಯಾರಾಗುತ್ತದೆ ಮತ್ತು ರೋಗಿಯನ್ನು ತಲುಪುವ ಹೊತ್ತಿಗೆ ಎಷ್ಟು ಉಳಿದಿರುತ್ತದೆ ಎಂಬುದನ್ನು ಎಂದು ನಾನು ನಂಬಿದ್ದೇನೆ.

ನಮ್ಮ ಚಿಕ್ಕಮ್ಮನಿಗೆ ಥೈರಾಯ್ಡ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಮೇಲೆ ವಿಕಿರಣಶೀಲ ಅಯೋಡಿನ್-131 ಕೊಟ್ಟು, ಕೆಲವು ದಿನ ಮಕ್ಕಳನ್ನು ಹತ್ತಿರ ಬಿಡಬೇಡಿ ಎಂದಿದ್ದರು; ಮನೆಯವರು ರೋಗಕ್ಕಿಂತ ಹೆಚ್ಚಾಗಿ ಹೆದರಿದ್ದು ‘ವಿಕಿರಣ’ ಎಂಬ ಪದಕ್ಕೆ. ಥೈರಾಯ್ಡ್ ಗ್ರಂಥಿ ಅಯೋಡಿನನ್ನು ತಾನಾಗಿಯೇ ಹೀರಿಕೊಳ್ಳುವುದರಿಂದ ಈ ಚಿಕಿತ್ಸೆ 1940ರ ದಶಕದಲ್ಲೇ ಸಾಧ್ಯವಾಯಿತು. ಉಳಿದ ಹೆಚ್ಚಿನ ಕ್ಯಾನ್ಸರುಗಳಿಗೆ ಅಂಥ ಸಹಜ ದಾರಿಯಿಲ್ಲ, ಅದನ್ನು ಕಟ್ಟಬೇಕು. ಪ್ರಾಸ್ಟೇಟ್ ಕ್ಯಾನ್ಸರಿನ ಕೋಶಗಳ ಮೇಲೆ ಹೇರಳವಾಗಿರುವ ಪಿಎಸ್‌ಎಂಎ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವ ಪುಟ್ಟ ಅಣುವೊಂದಕ್ಕೆ ವಿಕಿರಣಶೀಲ ಗ್ಯಾಲಿಯಂ-68 ಜೋಡಿಸಿದರೆ, ರೋಗ ಎಲ್ಲೆಲ್ಲಿ ಹರಡಿದೆಯೆಂಬುದು ಪೆಟ್ ಸ್ಕ್ಯಾನಿನಲ್ಲಿ ಕಾಣುತ್ತದೆ. ಅಂಥದೇ ಅಣುವಿಗೆ ಇನ್ನೊಂದು ವಿಕಿರಣಶೀಲ ಧಾತು ಲುಟೀಷಿಯಂ-177 ಜೋಡಿಸಿದರೆ, ಒಂದೆರಡು ಮಿಲಿಮೀಟರಿನಷ್ಟೇ ಸಾಗುವ ಬೀಟಾ ಕಣಗಳು ಅದೇ ಜಾಗಗಳಲ್ಲಿ ಕೋಶಗಳನ್ನು ಕೊಲ್ಲುತ್ತವೆ. 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಇತರ ಚಿಕಿತ್ಸೆಗಳನ್ನು ಪಡೆದು ರೋಗ ಮತ್ತೆ ಬೆಳೆದಿದ್ದವರ ಮಧ್ಯಾಂಕ ಆಯಸ್ಸು (ಅರ್ಧದಷ್ಟು ರೋಗಿಗಳು ಬದುಕಿರುವ ಅವಧಿ) ಈ ಔಷಧಿಯಿಂದ 11.3 ತಿಂಗಳಿಂದ 15.3ಕ್ಕೆ ಏರಿತು. ನಾಲ್ಕು ತಿಂಗಳೇ ಎಂದು ಮೂಗು ಮುರಿಯುವವರು ಆ ಹಂತದ ರೋಗಿಯೊಬ್ಬರ ಮನೆಯನ್ನು ಕಂಡಿರಲಾರರು.

ಆದರೆ ಇದನ್ನು ಕಪಾಟಿನಲ್ಲಿಟ್ಟು ಬೇಕಾದಾಗ ತೆಗೆದು ಕೊಡುವಂತಿಲ್ಲ. ಗ್ಯಾಲಿಯಂ-68ರ ಅರ್ಧಾಯು, ಅಂದರೆ ಅದರ ಅರ್ಧಭಾಗ ಕ್ಷಯಿಸಲು ಹಿಡಿಯುವ ಸಮಯ, 68 ನಿಮಿಷ, ಲುಟೀಷಿಯಂ-177ರದು ಸುಮಾರು ಆರೂವರೆ ದಿನ. 2009ರಲ್ಲಿ, ಇಂಥ ವೈದ್ಯಕೀಯ ಧಾತುಗಳನ್ನು ತಯಾರಿಸುತ್ತಿದ್ದ ಕೆನಡಾದ ಚಾಕ್ ರಿವರ್‌ನ ಹಳೆಯ ರಿಯಾಕ್ಟರ್ ಸೋರಿಕೆಯಿಂದ ನಿಂತುಹೋದಾಗ, ಜಗತ್ತಿನಾದ್ಯಂತ ಆಸ್ಪತ್ರೆಗಳು ಸ್ಕ್ಯಾನಿಗೆ ಬೇಕಾದ ಟೆಕ್ನೀಷಿಯಂ ಎಂಬ ವಿಕಿರಣಶೀಲ ಧಾತು ಸಿಗದೆ ಪರದಾಡಿದವು. ಒಂದು ಯಂತ್ರ ಕೆಟ್ಟರೆ ಖಂಡಾಂತರದ ರೋಗಿ ಕಾಯಬೇಕಾಗುತ್ತದೆ, ದಾಸ್ತಾನಿನ ಮಾತೇ ಇಲ್ಲ.

ನಮ್ಮಲ್ಲಿ ಮುಂಬೈನ ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ಲುಟೀಷಿಯಂ ತಯಾರಾಗುತ್ತದೆ ಎಂಬುದು ನೆಮ್ಮದಿಯ ಸಂಗತಿ, ಆದರೆ ಧ್ರುವ ಕಾರ್ಯಾರಂಭ ಮಾಡಿದ್ದು 1985ರಲ್ಲಿ, ಅದೂ ಹಳೆಯದೇ. ಇಂಥದೇ ಚಿಕಿತ್ಸೆಗೆ ಬಳಸುವ, ಬೀಟಾ ಬದಲು ಆಲ್ಫಾ ಕಣ ಹೊರಸೂಸುವ, ಜಗತ್ತಿನಲ್ಲೇ ವಿರಳವಾದ ಆಕ್ಟಿನಿಯಂ-225ರ ಒಂದು ಮೂಲ, ಥೋರಿಯಂನಿಂದ ದೊರೆಯುವ ಯುರೇನಿಯಂ-233 ಹಂತಹಂತವಾಗಿ ಕ್ಷಯಿಸುವ ಸರಣಿ. ಥೋರಿಯಂ ಎಂದೊಡನೆ ವಿದ್ಯುತ್ತಿನ ಲೆಕ್ಕ ಹಾಕುವ ನಾವು ಇದನ್ನು ಹೇಳುವುದು ಕಡಿಮೆ. ಇಂಥ ವಿಕಿರಣಶೀಲ ವೈದ್ಯಕೀಯ ಐಸೋಟೋಪುಗಳಿಗೆಂದೇ ಖಾಸಗಿ ಸಹಭಾಗಿತ್ವದ ರಿಯಾಕ್ಟರ್ ಕಟ್ಟುವುದಾಗಿ ಕೇಂದ್ರ ಸರ್ಕಾರ 2020ರ ಮೇ ತಿಂಗಳಲ್ಲಿ ಘೋಷಿಸಿತ್ತು. ಕ್ಯಾನ್ಸರ್ ಆಸ್ಪತ್ರೆಯ ಹೊಸ ವಾರ್ಡು ಯಾವಾಗ ತೆರೆಯುತ್ತದೆಂದು ವಿಚಾರಿಸುವ ಜನಪ್ರತಿನಿಧಿಗಳು, ಆ ರಿಯಾಕ್ಟರಿನ ಗಡುವನ್ನೂ ಅದೇ ದನಿಯಲ್ಲಿ ವಿಚಾರಿಸಲಿ.