ಕಳಿಸಿಕೊಡುವ ತಾಸಿಗೆ ಒಂದು ಜಾಗ ಬೇಕು

ಕಳೆದ ಮೇ ತಿಂಗಳಲ್ಲಿ ನನ್ನನ್ನು ಕಳಿಸಿಕೊಡಲು ಮನೆಯ ಒಂಬತ್ತು ಜನ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬಂದಿದ್ದರು. ಅವ್ವ, ಅಪ್ಪ, ಕಾಕಾ, ಕಾಕು, ಇಬ್ಬರು ತಂಗಿಯರು, ಅವರ ಮೂರು ಮಕ್ಕಳು. ಬೈಲಹೊಂಗಲ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಎರಡು ವಾಹನಗಳಲ್ಲಿ, ಬುತ್ತಿ ಕಟ್ಟಿಕೊಂಡು ಬಂದವರು. ಟಿಕೆಟ್ ಮತ್ತು ಗುರುತಿನ ಚೀಟಿ ತೋರಿಸಿ ಬಾಗಿಲು ದಾಟುವವನು ನಾನೊಬ್ಬನೇ. ವಿಮಾನ ಹೊರಡಲು ಇನ್ನೂ ಎರಡೂವರೆ ತಾಸು ಇತ್ತು. ಅವ್ವ ಕುಂದಾದ ಡಬ್ಬಿಯನ್ನು ನನ್ನ ಕೈಗಿಡುತ್ತ ಕೇಳಿದಳು: “ಇಷ್ಟು ಹೊತ್ತು ಒಳಗೆ ಒಬ್ಬನೇ ಕುಳಿತು ಏನು ಮಾಡುತ್ತೀ ತಮ್ಮಾ? ಇನ್ನೊಂದು ತಾಸು ನಮ್ಮ ಜೊತೆ ಇರಬಾರದೇ?”

ಇರಬಹುದಿತ್ತು. ಆದರೆ ಎಲ್ಲಿ ಇರುವುದು? ಮೇ ತಿಂಗಳ ಬಿಸಿಲು ನೆತ್ತಿ ಸುಡುತ್ತಿತ್ತು. ಚಿಕ್ಕ ಮಗು ಅಳತೊಡಗಿತ್ತು. ಕಾಕುವಿಗೆ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ. ಹತ್ತು ನಿಮಿಷದಲ್ಲಿ ಎಲ್ಲರ ಕಾಲು ಮುಟ್ಟಿ ನಮಸ್ಕರಿಸಿ, ಅವರನ್ನು ವಾಹನ ಹತ್ತಿಸಿ, ನಾನು ಒಳಗೆ ಹೋದೆ. ತಪಾಸಣೆ ಬೇಗ ಮುಗಿಯಿತು. ಉಳಿದ ಎರಡು ತಾಸು ಗಾಜಿನ ಆಚೆ ಓಡುದಾರಿಯನ್ನು ನೋಡುತ್ತ ಕಳೆದೆ. ಆ ಎರಡು ತಾಸು ನನ್ನ ಅವ್ವನಿಗೆ ಸೇರಬೇಕಾಗಿತ್ತು ಎಂಬ ಸಂಕಟ ಇನ್ನೂ ಹೋಗಿಲ್ಲ. ಈ ಬರಹಕ್ಕೆ ಅದೇ ಕಾರಣ.

ನಾನು ಸಿಂಗಪುರದಲ್ಲಿ ನೆಲೆಸಿ ಹದಿನಾಲ್ಕು ವರ್ಷಗಳಾದವು. ಅಲ್ಲಿನ ಚಾಂಗಿ ವಿಮಾನ ನಿಲ್ದಾಣಕ್ಕೆ ಜನ ವಿಮಾನ ಹತ್ತಲು ಮಾತ್ರ ಹೋಗುವುದಿಲ್ಲ. ಭಾನುವಾರ ಅಜ್ಜ, ಅಜ್ಜಿ, ಮೊಮ್ಮಕ್ಕಳು ಮೆಟ್ರೊ ಹಿಡಿದು ಊಟಕ್ಕೆ ಹೋಗುತ್ತಾರೆ. ಪರೀಕ್ಷೆಯ ದಿನಗಳಲ್ಲಿ ವಿದ್ಯಾರ್ಥಿಗಳು ತಂಪಾದ ಮೂಲೆ ಹುಡುಕಿ ಪುಸ್ತಕ ಹರವಿಕೊಂಡು ಕೂರುತ್ತಾರೆ. 2019ರ ಏಪ್ರಿಲ್‌ನಲ್ಲಿ ಅಲ್ಲಿ ಜ್ಯುವೆಲ್ ಎಂಬ ದೊಡ್ಡ ಮಳಿಗೆ ಸಂಕೀರ್ಣ ತೆರೆಯಿತು. ಮೊದಲ ಟರ್ಮಿನಲ್‌ನ ಮುಂದೆ ವಾಹನ ನಿಲ್ಲಿಸುತ್ತಿದ್ದ ಬಯಲಿನಲ್ಲಿ, ನೆಲದ ಮೇಲೆ ಐದು ಮತ್ತು ಕೆಳಗೆ ಐದು ಅಂತಸ್ತು. ಅಂಗಡಿ, ಉಪಾಹಾರ ಗೃಹಗಳೆಲ್ಲ ಸೇರಿ ಸುಮಾರು 280. ವಾಸ್ತುಶಿಲ್ಪಿ ಮೋಶೆ ಸಫ್ಡಿ. ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಅದು ಇರುವ ಜಾಗ. ಇಡೀ ಸಂಕೀರ್ಣ ಪಾಸ್‌ಪೋರ್ಟ್ ತಪಾಸಣೆಯ ಈಚೆಗಿದೆ. ಟಿಕೆಟ್ ಇಲ್ಲದವರೂ ಒಳಗೆ ಹೋಗಬಹುದು. ಹೊರಡುವವನು ಮತ್ತು ಉಳಿಯುವವರು ಒಂದೇ ಮೇಜಿನಲ್ಲಿ ಕುಳಿತು ಉಣ್ಣಬಹುದು.

ಇಂಥ ಜಾಗದಲ್ಲಿ ಎಷ್ಟು ಹೊತ್ತು ಕಳೆಯಬೇಕು ಎಂದು ಊರಿನಿಂದ ಬರುವ ಬಂಧುಗಳು ನನ್ನನ್ನು ಕೇಳುತ್ತಿರುತ್ತಾರೆ. ಒಮ್ಮೆ ದೊಡ್ಡ ತಪ್ಪು ಮಾಡಿ ಕಲಿತವನಾದ್ದರಿಂದ ಈಗ ಸರಿಯಾಗಿ ಹೇಳಬಲ್ಲೆ.

2022ರಲ್ಲಿ ಅವ್ವ ಮತ್ತು ಅಪ್ಪ ನನ್ನ ಮನೆಯಲ್ಲಿ ಎರಡು ತಿಂಗಳು ಇದ್ದು ಮರಳುವ ದಿನ, ನಾನು ಜ್ಯುವೆಲ್‌ಗೆ ನಾಲ್ಕು ತಾಸು ಇಟ್ಟೆ. ಆದರೆ ಆ ನಾಲ್ಕು ತಾಸನ್ನು ಅಂಗಡಿಗಳಿಗೆ ಕೊಟ್ಟೆ. ಓಣಿಯ ಹದಿನೈದು ಮನೆಗಳಿಗೆ ಚಾಕೊಲೇಟು, ಅಳಿಯಂದಿರಿಗೆ ಸುಗಂಧ, ಮಕ್ಕಳಿಗೆ ಆಟಿಕೆ. ಒಂದು ಅಂಗಡಿಯ ಬೆಲೆ ನೋಡಿ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ಮೊದಲನೆಯದಕ್ಕೆ. ಅವ್ವನ ಮೊಣಕಾಲು ನೋಯುತ್ತಿತ್ತು, ಆಕೆ ಹೇಳಲಿಲ್ಲ. ಕೊನೆಗೆ ಪ್ರವಾಸಿಗರಿಗೆ ತೆರಿಗೆ ಮರಳಿಸುವ ಯಂತ್ರದ ಮುಂದಿನ ಸಾಲು ನೆನಪಾಯಿತು. ಪೆಟ್ಟಿಗೆಯಲ್ಲಿ ಹಾಕಿ ಕಳಿಸುವ ಸಾಮಾನಿಗೆ ಆ ಕೆಲಸವನ್ನು ಚೆಕ್-ಇನ್ ಮಾಡುವ ಮುಂಚೆಯೇ ಮುಗಿಸಬೇಕು. ಓಡಿದೆವು. ಪಾಸ್‌ಪೋರ್ಟ್ ತಪಾಸಣೆಯ ಬಾಗಿಲಲ್ಲಿ ಅಪ್ಪನಿಗೆ ಒಂದು ಮಾತನ್ನೂ ನೆಟ್ಟಗೆ ಹೇಳಲಾಗಲಿಲ್ಲ. ಎರಡು ತಿಂಗಳು ಜೊತೆಗಿದ್ದವರನ್ನು ಎರಡು ನಿಮಿಷದಲ್ಲಿ ಕಳಿಸಿದೆ.

ಅಂದು ರಾತ್ರಿ ನೆನಪಾದವನು ನನ್ನ ಅಜ್ಜ. ಚಿಕ್ಕವನಿದ್ದಾಗ ನನ್ನನ್ನು ಸಂತೆಗೆ ಕರೆದುಕೊಂಡು ಹೋಗುತ್ತಿದ್ದ. ಸಾಯಂಕಾಲದ ಕೊನೆಯ ಬಸ್ಸಿನಿಂದ ಹಿಂದಕ್ಕೆ ಹೊತ್ತು ಎಣಿಸುವುದು ಅವನ ರೂಢಿ. ಬಸ್ಸಿಗೆ ಅರ್ಧ ತಾಸು ಮೊದಲು ನಿಲ್ದಾಣ, ಅದಕ್ಕೂ ಮೊದಲು ಕಾಯಿಪಲ್ಯೆ, ಏಕೆಂದರೆ ಮೊದಲೇ ಕೊಂಡರೆ ಬಾಡುತ್ತದೆ. ಅದಕ್ಕೂ ಮುಂಚೆ ಬೀಗರು, ಗೆಳೆಯರು ಸಿಗುವ ಚಹಾದ ಅಂಗಡಿ. ಸಂತೆಗೆ ಕಾಲಿಟ್ಟ ಕೂಡಲೇ ಚೀಲ ಬಿಚ್ಚಲು ಬಿಡುತ್ತಿರಲಿಲ್ಲ. ಮೊದಲು ಒಂದು ಸುತ್ತು ಬರಬೇಕು, ನಾಲ್ಕು ಜನರನ್ನು ಮಾತನಾಡಿಸಬೇಕು, ಆಮೇಲೆ ವ್ಯಾಪಾರ. ನಾನು ಜ್ಯುವೆಲ್‌ನಲ್ಲಿ ಮಾಡಿದ್ದು ಇದರ ತದ್ವಿರುದ್ಧ.

ಈಗ ಅಜ್ಜನ ಲೆಕ್ಕದಂತೆಯೇ ಹೊತ್ತು ಹಾಕುತ್ತೇನೆ. ವಿಮಾನ ರಾತ್ರಿ ಎಂಟಕ್ಕೆ ಎಂದುಕೊಳ್ಳಿ. ಚಾಂಗಿಯ ಮೊದಲ ಮೂರು ಟರ್ಮಿನಲ್‌ಗಳಲ್ಲಿ ಚೀಲಗಳ ಭದ್ರತಾ ತಪಾಸಣೆ ವಿಮಾನ ಹತ್ತುವ ಗೇಟಿನ ಬಳಿಯೇ ನಡೆಯುತ್ತದೆ. ನಮ್ಮಲ್ಲಿ ತಪಾಸಣೆ ಮುಗಿಸಿದ ಮೇಲೆ ನಿರಾಳವಾಗಿ ಕೂರುವ ರೂಢಿ ಇರುವುದರಿಂದ, ಅಲ್ಲಿ ಕೊನೆಯ ಗಳಿಗೆಯಲ್ಲಿ ಗೇಟಿಗೆ ಬಂದು ಸಾಲು ನೋಡಿ ಗಾಬರಿಯಾಗುವವರು ಬಹಳ. ಆದ್ದರಿಂದ ಏಳು ಗಂಟೆಗೆ ಗೇಟಿನಲ್ಲಿರಬೇಕು. ಗೇಟು ದೂರವಿರಬಹುದು, ವಯಸ್ಸಾದವರ ನಡಿಗೆ ನಿಧಾನ. ಹಾಗಾಗಿ ಆರೂಕಾಲಿಗೆ ಪಾಸ್‌ಪೋರ್ಟ್ ಬಾಗಿಲಲ್ಲಿ ವಿದಾಯ. ಜ್ಯುವೆಲ್‌ಗೆ ಮೂರು ಗಂಟೆಗೆ ಬಂದರೆ ಮೂರು ತಾಸು ತುಂಬ ಸಿಗುತ್ತವೆ. ಕೆಲವು ವಿಮಾನ ಸಂಸ್ಥೆಗಳ ಪೆಟ್ಟಿಗೆಗಳನ್ನು ಅಲ್ಲಿಯೇ ಮುಂಚಿತವಾಗಿ ಒಪ್ಪಿಸಬಹುದು. ಅದನ್ನು ಮೊದಲು ಮುಗಿಸಿದರೆ ಕೈಯೂ ಮನಸ್ಸೂ ಹಗುರ.

ಆ ಮೂರು ತಾಸಿನಲ್ಲಿ ಅಂಗಡಿಗೆ ಅರ್ಧ ತಾಸು ಸಾಕು, ಅದೂ ಮನೆಯಲ್ಲಿಯೇ ಬರೆದ ಪಟ್ಟಿ ಹಿಡಿದು. ಓಣಿಗೆ ಹಂಚುವ ಚಾಕೊಲೇಟನ್ನು ವಾರದ ಮುಂಚೆಯೇ ಊರೊಳಗಿನ ಅಂಗಡಿಯಲ್ಲಿ ಕೊಂಡಿಡುತ್ತೇನೆ. ಹಣವೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ. ತೆಂಗಿನ ಹಾಲು, ಮೊಟ್ಟೆ, ಸಕ್ಕರೆಯಿಂದ ಮಾಡುವ ಅಲ್ಲಿನ ಕಾಯಾ ಎಂಬ ಬ್ರೆಡ್ಡಿನ ಲೇಪ ಕೊಳ್ಳುವವರು ಅದನ್ನು ಪೆಟ್ಟಿಗೆಗೇ ಹಾಕಬೇಕು. 100 ಮಿಲಿಲೀಟರ್ ಮೀರಿದ ದ್ರವ, ಲೇಪಗಳನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಉಳಿದ ಹೊತ್ತಿನಲ್ಲಿ ಒಂದು ತಾಸು ಊಟಕ್ಕೆ, ಒಂದು ತಾಸು ಜಲಪಾತದ ಮುಂದೆ ಸುಮ್ಮನೆ ಕೂರಲು. ಮಿಕ್ಕದ್ದು ಲಿಫ್ಟು, ಶೌಚಾಲಯ, ಓಡಾಟಕ್ಕೆ. ಸಿಂಗಪುರದಲ್ಲಿ ವಿಮಾನ ಬದಲಿಸುವವರು ಮಾತ್ರ ಈ ಲೆಕ್ಕ ಹಿಡಿಯಬಾರದು. ಜ್ಯುವೆಲ್ ಹೊರಗಡೆ ಇರುವುದರಿಂದ ಅವರು ಆ ದೇಶದೊಳಗೆ ಪ್ರವೇಶ ಪಡೆದು, ಮತ್ತೆ ಹೊರಬರಬೇಕಾಗುತ್ತದೆ. ಪ್ರವೇಶಕ್ಕೆ ಬೇಕಾದ ಅನುಮತಿ ಇಲ್ಲದಿದ್ದರೆ, ಇಲ್ಲವೇ ಬಿಡುವು ಐದು ತಾಸಿಗಿಂತ ಕಡಿಮೆಯಿದ್ದರೆ ಆ ಆಸೆ ಬೇಡ.

ಜಲಪಾತದ ಮಾತು ಬಂತು. ಗಾಜಿನ ಗುಮ್ಮಟದ ನಡುವಿನಿಂದ 40 ಮೀಟರ್ ಕೆಳಗೆ ಬೀಳುವ ಆ ನೀರಿನ ಎದುರು, ಮುಂದಿನ ಬಾರಿ ಬಂದಾಗ ಅವ್ವ ಒಂದು ತಾಸು ಕುಳಿತಳು. ಕಟ್ಟಡದ ಒಳಗಿನ ಜಲಪಾತಗಳಲ್ಲಿ ಜಗತ್ತಿನಲ್ಲೇ ಇದು ಎತ್ತರದ್ದು ಎಂದೆ. ನಮ್ಮ ಗೋಕಾಕದ್ದು ಸುಮಾರು 52 ಮೀಟರ್. ಶ್ರಾವಣದಲ್ಲಿ ಘಟಪ್ರಭೆ ಕೆಂಪಾಗಿ ಧುಮುಕುವುದನ್ನು ನೋಡಿ ಬೆಳೆದವಳು ಅವ್ವ. “ಇದರಲ್ಲಿ ಮಣ್ಣಿನ ವಾಸನೆ ಇಲ್ಲ” ಎಂದಳು. ಆಮೇಲೆ ತಾನು ಮದುವೆಯಾಗಿ ಬಂದ ವರ್ಷ ಗೋಕಾಕಿಗೆ ಹೋದದ್ದು, ತೂಗುಸೇತುವೆಯ ಮೇಲೆ ಅಪ್ಪ ಹೆದರಿದ್ದು, ಹೀಗೆ ನಾನು ಅದುವರೆಗೆ ಕೇಳಿರದ ಸಂಗತಿಗಳನ್ನೆಲ್ಲ ಹೇಳಿದಳು. ಅಪ್ಪ ನಕ್ಕು ಒಪ್ಪಿಕೊಂಡರು. ಅಂದು ನಾವು ಕೊಂಡದ್ದು ಒಂದು ಡಬ್ಬಿ ಬಿಸ್ಕತ್ತು ಮಾತ್ರ.

ಎರಡೂ ಊರುಗಳ ರೀತಿಯನ್ನು ಹೋಲಿಸಿದಾಗ ನನಗೆ ಅನ್ನಿಸುವುದು ಇದು: ಕಳಿಸಿಕೊಡುವ ಮನಸ್ಸು ನಮ್ಮ ಜನರದ್ದೇ ದೊಡ್ಡದು. ಸಿಂಗಪುರದಲ್ಲಿ ನನ್ನ ಕಚೇರಿಯ ಗೆಳೆಯರು ಹೊರದೇಶಕ್ಕೆ ಹೊರಟರೆ ಬಹುತೇಕ ಒಬ್ಬರೇ ಟ್ಯಾಕ್ಸಿ ಹತ್ತುತ್ತಾರೆ. ನಮ್ಮಲ್ಲಿ ಒಬ್ಬನಿಗಾಗಿ ಒಂಬತ್ತು ಜನ ಹೊಲದ ಕೆಲಸ ಬಿಟ್ಟು ಬರುತ್ತಾರೆ. ಆದರೆ ಆ ಮನಸ್ಸಿಗೆ ತಕ್ಕ ಕಟ್ಟಡವನ್ನು ಕಟ್ಟಿದವರು ಅವರು, ನಾವಲ್ಲ.

ಮಳಿಗೆಗಳು ತಪಾಸಣೆಯ ಆಚೆಗೆ ಏಕೆ ಹೋದವು ಎಂಬುದಕ್ಕೆ ಒಂದು ಹಳೆಯ ಕಾರಣವಿದೆ. 1947ರಲ್ಲಿ ಐರ್ಲೆಂಡಿನ ಶ್ಯಾನನ್ ವಿಮಾನ ನಿಲ್ದಾಣದಲ್ಲಿ ಸುಂಕವಿಲ್ಲದ ಮಳಿಗೆ ಮೊದಲು ಹುಟ್ಟಿತು. ದೇಶ ಬಿಟ್ಟು ಹೊರಟವನಿಗೆ ಮಾತ್ರ ಸುಂಕದ ವಿನಾಯಿತಿ. ಹಾಗಾಗಿ ಅದು ಪಾಸ್‌ಪೋರ್ಟ್ ಗೆರೆಯ ಆಚೆಗೇ ಇರಬೇಕಾಯಿತು. ಬೆಳಗಾವಿಯಿಂದ ಬೆಂಗಳೂರಿಗೋ ಹೈದರಾಬಾದಿಗೋ ಹೊರಟವನಿಗೆ ಯಾವ ಸುಂಕದ ವಿನಾಯಿತಿಯೂ ಇಲ್ಲ. ಒಳಗೆ ಕೊಂಡ ಚಹಾಕ್ಕೂ ಹೊರಗೆ ಕೊಂಡ ಚಹಾಕ್ಕೂ ತೆರಿಗೆಯ ನಿಯಮ ಒಂದೇ. ಹಾಗಿದ್ದ ಮೇಲೆ ಅಂಗಡಿ, ಕುರ್ಚಿ, ತಂಪು ಎಲ್ಲವನ್ನೂ ಟಿಕೆಟ್ ಇದ್ದವನಿಗಷ್ಟೇ ಏಕೆ ಮೀಸಲಿಡಬೇಕು?

ಭದ್ರತೆಯ ಪ್ರಶ್ನೆ ಎತ್ತುವವರಿದ್ದಾರೆ. ಅವರ ಕಾಳಜಿ ಸರಿಯಾದದ್ದೇ, ಅದರಲ್ಲೂ ವಾಯುಪಡೆಯ ತರಬೇತಿ ಶಾಲೆ ಇರುವ ಸಾಂಬ್ರಾದಂಥ ಊರಿನಲ್ಲಿ. ಟಿಕೆಟ್ ನೋಡುವ ಬಾಗಿಲು ಈಗ ಎಲ್ಲಿದೆಯೋ ಅಲ್ಲಿಯೇ ಇರಲಿ. ನಾನು ಕೇಳುತ್ತಿರುವುದು ಆ ಬಾಗಿಲಿಗೂ ಮುಂಚಿನ ಒಂದು ಅಂಗಳವನ್ನು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಮೊದಲ ಟರ್ಮಿನಲ್ ಎದುರು ಊಟ, ತಿಂಡಿಯ ತೆರೆದ ಅಂಗಳವಿದೆ. ಟಿಕೆಟ್ ಇಲ್ಲದವರೂ ಅಲ್ಲಿ ಕೂರುತ್ತಾರೆ.

ಅಷ್ಟು ಸಣ್ಣ ನಿಲ್ದಾಣದಲ್ಲಿ ವ್ಯಾಪಾರ ನಡೆಯುತ್ತದೆಯೇ ಎಂದು ನನ್ನ ಭಾವನೇ ಕೇಳಿದರು. ಲೆಕ್ಕ ಹಾಕುವವರು ಪ್ರಯಾಣಿಕರನ್ನು ಮಾತ್ರ ಎಣಿಸುತ್ತಾರೆ, ಕಳಿಸಲು ಬಂದವರನ್ನು ಎಣಿಸುವುದಿಲ್ಲ. ಕುಂದಾ, ಗೋಕಾಕದ ಕರದಂಟು, ಶಹಾಪುರದ ಸೀರೆ, ಮಹಾಲಿಂಗಪುರದ ಬೆಲ್ಲ, ಗುಳೇದಗುಡ್ಡದ ಖಣ, ಇವನ್ನು ಒಂದೇ ಸೂರಿನಡಿ ಇಟ್ಟರೆ ಹೊರಟವನೂ ಕೊಳ್ಳುತ್ತಾನೆ, ಕಳಿಸಲು ಬಂದವರೂ ಕೊಳ್ಳುತ್ತಾರೆ. ಸಾಂಬ್ರಾ ಬೆಳಗಾವಿಯಿಂದ ಹತ್ತು ಕಿಲೋಮೀಟರ್, ಬಾಗಲಕೋಟೆ ರಸ್ತೆಯ ಮೇಲೆಯೇ ಇದೆ. ವಿಮಾನ ಏರುವುದನ್ನು ಮಕ್ಕಳಿಗೆ ತೋರಿಸಲು ಭಾನುವಾರ ಬರುವವರೂ ಇರುತ್ತಾರೆ.

ಇದನ್ನು ಈಗಲೇ ಹೇಳಲು ಕಾರಣವಿದೆ. 1942ರಲ್ಲಿ ಬ್ರಿಟಿಷ್ ವಾಯುಪಡೆ ಮಾಡಿದ ನಿಲ್ದಾಣ ಇದು. 2017ರಲ್ಲಿ ಈಗಿನ ಟರ್ಮಿನಲ್ ಬಂತು. 2024ರ ಮಾರ್ಚ್‌ನಲ್ಲಿ ಇನ್ನೂ ದೊಡ್ಡ ಹೊಸ ಟರ್ಮಿನಲ್‌ಗೆ ಶಂಕುಸ್ಥಾಪನೆಯಾಗಿದೆ. ಜ್ಯುವೆಲ್‌ನಂಥ ಗಾಜಿನ ಗುಮ್ಮಟ ಬೆಳಗಾವಿಗೆ ಬೇಡ, ನೀರು ಬೀಳಿಸುವ ಯಂತ್ರವೂ ಬೇಡ. ಬಾಗಿಲಿಗೆ ಮುಂಚೆ ನೆರಳಿರುವ ಒಂದು ಪಡಸಾಲೆ, ನೂರು ಕುರ್ಚಿ, ಫ್ಯಾನು, ಕುಡಿಯುವ ನೀರು, ಶೌಚಾಲಯ, ನಾಲ್ಕು ಅಂಗಡಿ, ಒಂದು ಚಹಾದ ಗಾಡಿ, ಮತ್ತು ವಿಮಾನಗಳ ಹೊತ್ತು ಕನ್ನಡದಲ್ಲಿ ಕಾಣುವ ಒಂದು ಫಲಕ. ಬುತ್ತಿ ಬಿಚ್ಚಿ ಉಣ್ಣಲು ಯಾರೂ ಅಡ್ಡಿ ಮಾಡಬಾರದು. ಇಷ್ಟನ್ನು ಈಗ ಹೇಳದಿದ್ದರೆ, ಕಟ್ಟಿದ ಮೇಲೆ ಹೇಳಿ ಉಪಯೋಗವಿಲ್ಲ.

ಆ ಅಂಗಳ ಬರುವವರೆಗೆ ನಾನು ಬೇರೆ ದಾರಿ ಮಾಡಿಕೊಂಡಿದ್ದೇನೆ. ಬರುವ ದೀಪಾವಳಿಗೆ ಊರಿಗೆ ಬಂದು ಮರಳುವ ದಿನ ವಿಮಾನ ಮಧ್ಯಾಹ್ನ ಮೂರಕ್ಕೆ. ಚೆಕ್-ಇನ್ ಎರಡಕ್ಕೆ ಮುಚ್ಚುತ್ತದೆ, ಆದ್ದರಿಂದ ಒಂದೂಕಾಲಿಗೆ ಸಾಂಬ್ರಾ ಬಾಗಿಲು. ಹನ್ನೆರಡೂವರೆಗೆ ಬೆಳಗಾವಿ ಬಿಡಬೇಕು. ಹತ್ತಕ್ಕೆ ಎಲ್ಲರೂ ಖಡೇ ಬಜಾರಿನಲ್ಲಿ ಸೇರಬೇಕೆಂದು ತಂಗಿಗೆ ಫೋನ್ ಮಾಡಿ ಹೇಳಿದ್ದೇನೆ. ದಾರಿ ಸುತ್ತಾದರೂ ಆಗಲಿ. ಅರ್ಧ ತಾಸು ಬಜಾರು, ಎರಡು ತಾಸು ಊಟ ಮತ್ತು ಮಾತು. ಕಾಕು ಕುಳಿತುಕೊಳ್ಳಲು ಮೆತ್ತನೆಯ ಕುರ್ಚಿ ಇರುವ ಖಾನಾವಳಿಯನ್ನು ಹುಡುಕುವ ಕೆಲಸ ಭಾವನಿಗೆ ಒಪ್ಪಿಸಿದ್ದೇನೆ.