ಫೆದರ್‌ಸ್ಟೋನ್ ರೋವರ್ಸ್: ಕ್ಲಬ್ಬು ಯಾರದು?

1977ರಲ್ಲಿ ನಡೆದ ಎರಡು ಗೆಲುವುಗಳನ್ನು ನಾನು ಮನಸ್ಸಿನಲ್ಲಿ ಯಾವಾಗಲೂ ಒಟ್ಟಿಗೆ ಇಟ್ಟು ನೋಡುತ್ತೇನೆ. ಆ ವರ್ಷ ಬೆಂಗಳೂರಿನ ಐಟಿಐ ಕಾರ್ಖಾನೆಯ ಫುಟ್‌ಬಾಲ್ ತಂಡ ಮೋಹನ್ ಬಗಾನನ್ನು ಸೋಲಿಸಿ ದೇಶದ ಮೊದಲ ಫೆಡರೇಷನ್ ಕಪ್ ಗೆದ್ದಿತು. ಅದೇ ವರ್ಷ, ನಾನು ಈಗ ನೆಲೆಸಿರುವ ಲೀಡ್ಸ್ ನಗರದಿಂದ ಹೆಚ್ಚು ದೂರವಿಲ್ಲದ ಫೆದರ್‌ಸ್ಟೋನ್ ಎಂಬ ಗಣಿಗಾರರ ಊರಿನ ತಂಡ ಇಂಗ್ಲೆಂಡಿನ ರಗ್ಬಿ ಲೀಗ್ ಚಾಂಪಿಯನ್ ಆಯಿತು. ಎರಡೂ ದುಡಿಯುವ ಜನರ ತಂಡಗಳೇ. ಕಾಲ ಕಳೆದಂತೆ ಐಟಿಐ ಕಾರ್ಖಾನೆ ಸೊರಗಿತು, ಅದರೊಂದಿಗೆ ತಂಡವೂ ಸೊರಗಿತು. ಫೆದರ್‌ಸ್ಟೋನಿನ ಗಣಿ 1985ರಲ್ಲಿ ಮುಚ್ಚಿಯೇಹೋಯಿತು, ಆದರೆ ರೋವರ್ಸ್ ತಂಡ ಆ ಬಳಿಕವೂ ದಶಕಗಳ ಕಾಲ ಆಡಿತು. ಈ ವ್ಯತ್ಯಾಸಕ್ಕೆ ಕಾರಣ, ತಂಡವನ್ನು ಸಾಕಿದವರು ಯಾರು ಎಂಬುದರಲ್ಲೇ ಇದೆ ಎಂದು ನಾನು ನಂಬುತ್ತೇನೆ.

ಫೆದರ್‌ಸ್ಟೋನ್ ದೊಡ್ಡ ಊರಲ್ಲ. ಇಂದಿಗೂ ಅಲ್ಲಿನ ಜನಸಂಖ್ಯೆ ಸುಮಾರು 15 ಸಾವಿರ. 1893ರ ಸೆಪ್ಟೆಂಬರಿನಲ್ಲಿ, ಗಣಿ ಮಾಲೀಕರು ಕೂಲಿ ಕಡಿತಕ್ಕಾಗಿ ಬೀಗಮುದ್ರೆ ಹಾಕಿದ್ದಾಗ, ಆ್ಯಕ್ಟನ್ ಹಾಲ್ ಗಣಿಯ ಬಳಿ ನೆರೆದ ಜನರ ಮೇಲೆ ಸೈನಿಕರು ಗುಂಡು ಹಾರಿಸಿ ಇಬ್ಬರನ್ನು ಕೊಂದರು. ಎರಡು ವರ್ಷಗಳ ನಂತರ, 1895ರ ಆಗಸ್ಟ್ 29ರಂದು, ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಸೇರಿ, ರಗ್ಬಿಯ ಹಳೆಯ ಆಡಳಿತದಿಂದ ಬೇರೆಯಾದವು. ಜಗಳಕ್ಕೆ ಮೂಲ ಶನಿವಾರದ ಕೂಲಿ. ಶನಿವಾರ ಆಡಲು ಹೋದ ಗಣಿಗಾರನಿಗೆ, ಗಿರಣಿಯವನಿಗೆ ಆ ದಿನದ ಕೂಲಿ ಹೋಗುತ್ತಿತ್ತು. ಅದನ್ನು ಕ್ಲಬ್ಬು ತುಂಬಿಕೊಡಬೇಕು ಎಂಬುದು ಇವರ ಬೇಡಿಕೆ. ಹಣ ಮುಟ್ಟಿದರೆ ಆಟ ಕೆಡುತ್ತದೆ ಎಂದು ವಾದಿಸಿದವರು ಕೂಲಿಯ ಚಿಂತೆಯೇ ಇಲ್ಲದ ಜನ. ಈ ವಿಷಯದಲ್ಲಿ ನ್ಯಾಯ ಉತ್ತರದವರ ಕಡೆಗಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮುಂದೆ ಹದಿಮೂರು ಜನರ ಆಟವಾಗಿ ಬೆಳೆದ ರಗ್ಬಿ ಲೀಗ್ ಹುಟ್ಟಿದ್ದು ಹೀಗೆ.

ರೋವರ್ಸ್ ಕ್ಲಬ್ಬು 1902ರಲ್ಲಿ ಆರಂಭವಾಗಿ 1921ರಲ್ಲಿ ವೃತ್ತಿಪರ ಲೀಗಿಗೆ ಸೇರಿತು. ವೃತ್ತಿಪರ ಎಂದಮಾತ್ರಕ್ಕೆ ಆಟದಿಂದಲೇ ಹೊಟ್ಟೆ ತುಂಬುತ್ತಿತ್ತು ಎಂದಲ್ಲ. ವಾರವಿಡೀ ಗಣಿಯೊಳಗೆ ದುಡಿದು, ಸಂಜೆ ಅಭ್ಯಾಸ ಮಾಡಿ, ವಾರದ ಕೊನೆಗೆ ಆಡಿದರೆ ಪಂದ್ಯದ ಹಣ ಸಿಗುತ್ತಿತ್ತು, ಅಷ್ಟೆ. ಗಣಿಯ ಬಾಯಿಗೆ ಬಗ್ಗಿ ಸಿಳ್ಳೆ ಹಾಕಿದರೆ ಒಬ್ಬ ಒಳ್ಳೆಯ ಫಾರ್ವರ್ಡ್ ಆಟಗಾರ ಮೇಲೆ ಬರುತ್ತಾನೆ ಎಂಬ ಮಾತು ಈ ಸೀಮೆಯಲ್ಲಿ ಇಂದಿಗೂ ಕೇಳಿಬರುತ್ತದೆ. ಆದರೆ ಆಟಗಾರ ಗಣಿಯವನಾದರೂ ತಂಡ ಗಣಿಯದಾಗಿರಲಿಲ್ಲ. ಅದು ನಡೆಯುತ್ತಿದ್ದದ್ದು ಗೇಟಿನಲ್ಲಿ ಸೇರುತ್ತಿದ್ದ ಚಿಲ್ಲರೆಯಿಂದ, ಊರಿನವರು ಕೊಂಡ ಷೇರುಗಳಿಂದ. ಪೋಸ್ಟ್ ಆಫೀಸ್ ರೋಡ್ ಎಂಬ ಮೈದಾನದಲ್ಲಿ 1959ರಲ್ಲಿ ಸೇಂಟ್ ಹೆಲೆನ್ಸ್ ವಿರುದ್ಧದ ಪಂದ್ಯಕ್ಕೆ 17,531 ಜನ ಸೇರಿದ್ದರು ಎಂದರೆ, ಊರಿಗೆ ಊರೇ ಬಂದು ಅಕ್ಕಪಕ್ಕದ ಊರುಗಳೂ ಬಂದಿದ್ದವು ಎಂದಾಯಿತು.

ರಗ್ಬಿ ಲೀಗಿನ ದೊಡ್ಡ ನಾಕೌಟ್ ಪಂದ್ಯಾವಳಿಯಾದ ಚಾಲೆಂಜ್ ಕಪ್ಪನ್ನು ಈ ಊರು ಮೂರು ಸಲ ಗೆದ್ದಿದೆ: 1967ರಲ್ಲಿ, 1973ರಲ್ಲಿ, 1983ರಲ್ಲಿ. 1973ರ ಫೈನಲಿನಲ್ಲಿ ಸಿರಿಲ್ ಕೆಲೆಟ್ ಒಂದೂ ಗುರಿ ತಪ್ಪದಂತೆ ಎಂಟು ಗೋಲು ಒದ್ದರು. ಆದರೂ ಇಲ್ಲಿನ ಹಿರಿಯರ ಬಾಯಲ್ಲಿ ಬರುವುದು 1983ರ ಪಂದ್ಯ. ಎದುರಿಗೆ ಆ ವರ್ಷದ ಲೀಗ್ ಚಾಂಪಿಯನ್ ಹಲ್ ತಂಡ, ಅದರಲ್ಲಿ ನ್ಯೂಜಿಲೆಂಡಿನ ಹೆಸರಾಂತ ಆಟಗಾರರು. ಇತ್ತ ಕೆಳದರ್ಜೆಗೆ ಇಳಿಯದಂತೆ ವರ್ಷವಿಡೀ ಹೆಣಗಾಡಿದ್ದ ಫೆದರ್‌ಸ್ಟೋನ್. ಫೆದರ್‌ಸ್ಟೋನಿನ ಡೇವಿಡ್ ಹಾಬ್ಸ್ ಎರಡು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಪಡೆಯುವ ಅಂಕ) ಗಳಿಸಿದರು. ಅಂಕ 12-12 ಆಗಿದ್ದಾಗ, ಕೊನೆಯ ಕೆಲವೇ ನಿಮಿಷಗಳಿರುವಾಗ ಸಿಕ್ಕ ಪೆನಾಲ್ಟಿಯನ್ನು ಸ್ಟೀವ್ ಕ್ವಿನ್ ಒದ್ದು 14-12ಕ್ಕೆ ಏರಿಸಿದರು. ಮರು ವರ್ಷವೇ ಗಣಿಗಾರರ ದೊಡ್ಡ ಮುಷ್ಕರ ಆರಂಭವಾಯಿತು. ಮುಷ್ಕರ ಮುರಿದ ಬೆನ್ನಿಗೆ ಆ್ಯಕ್ಟನ್ ಹಾಲ್ ಮುಚ್ಚಿತು.

ಐಟಿಐ, ಎಚ್‌ಎಎಲ್, ಬಿಇಎಂಎಲ್ ತಂಡಗಳನ್ನು ನಾನು ಕೀಳುಗಳೆಯುತ್ತಿಲ್ಲ. ನಮ್ಮಲ್ಲಿ ಆಟಗಾರನಿಗೆ ಕಾಯಂ ನೌಕರಿ, ಕ್ವಾರ್ಟರ್ಸು, ಪಿಂಚಣಿ ಕೊಟ್ಟದ್ದು ಆ ವ್ಯವಸ್ಥೆಯೇ. ಮೊಣಕಾಲು ಮುರಿದ ಫೆದರ್‌ಸ್ಟೋನ್ ಆಟಗಾರನಿಗೆ ಆ ಭದ್ರತೆ ಇರಲಿಲ್ಲ. ಆದರೆ ಕಂಪನಿಯ ತಂಡವನ್ನು ಕಂಪನಿಯೇ ನಿಲ್ಲಿಸಬಹುದು, ಪ್ರೇಕ್ಷಕನಿಗೆ ಆ ನಿರ್ಧಾರದಲ್ಲಿ ಪಾಲಿಲ್ಲ. ಈಗಿನ ಫ್ರಾಂಚೈಸಿ ತಂಡಗಳಲ್ಲೂ ಇದೇ ಸ್ಥಿತಿ. ನಮ್ಮಲ್ಲಿ ಇದಕ್ಕೆ ಹೊರತಾಗಿ ನಿಂತಿರುವುದು ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಆ ಹಬ್ಬವನ್ನು ಒಂದೊಂದು ಕುಟುಂಬ ಹೊಣೆ ಹೊತ್ತು ನಡೆಸಿಕೊಂಡು ಬಂದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಆಡಿದವು. ಹೊರಗಿನ ಮಾಲೀಕನಿಲ್ಲದೆಯೂ ಆಟ ಬೆಳೆಯಬಲ್ಲದು ಎಂಬುದಕ್ಕೆ ಅದು ಸಾಕ್ಷಿ.

1995ರಲ್ಲಿ ಮಾಧ್ಯಮ ದೊರೆ ರೂಪರ್ಟ್ ಮರ್ಡಾಕ್ ಅವರ ದುಡ್ಡಿನಿಂದ ಸೂಪರ್ ಲೀಗ್ ಎಂಬ ಹೊಸ ಮೇಲಿನ ದರ್ಜೆ ಹುಟ್ಟುವಾಗ ಫೆದರ್‌ಸ್ಟೋನ್, ಕ್ಯಾಸಲ್‌ಫರ್ಡ್, ವೇಕ್‌ಫೀಲ್ಡ್ ಮೂರನ್ನೂ ಸೇರಿಸಿ ‘ಕಾಲ್ಡರ್’ ಎಂಬ ಒಂದೇ ತಂಡ ಮಾಡುವ ಯೋಜನೆ ಬಂತು. ಮೂರೂ ಊರುಗಳು ಕೂಗಳತೆಯಲ್ಲೇ ಇರುವುದರಿಂದ ಲೆಕ್ಕದ ಪುಸ್ತಕಕ್ಕೆ ಅದು ಸರಿಯಾಗಿಯೇ ಕಂಡಿರಬೇಕು. ಜನ ಬೀದಿಗಿಳಿದು ಪ್ರತಿಭಟಿಸಿದರು, ಯೋಜನೆ ಬಿದ್ದುಹೋಯಿತು, ಮತ್ತು ಫೆದರ್‌ಸ್ಟೋನ್ ಮೇಲಿನ ದರ್ಜೆಯಿಂದ ಹೊರಗುಳಿಯಿತು. 1998ರಲ್ಲಿ ಅದರ ಕೆಳಗಿನ ದರ್ಜೆಯ ಫೈನಲಿನಲ್ಲಿ ವೇಕ್‌ಫೀಲ್ಡಿಗೆ 24-22ರಿಂದ ಸೋತು ಬಡ್ತಿಯನ್ನು ಕೂದಲೆಳೆಯಲ್ಲಿ ಕಳೆದುಕೊಂಡಿತು. ಒಂದಾಗಲು ಒಪ್ಪದ ಆ ನಿರಾಕರಣೆಗೆ ತೆತ್ತ ಬೆಲೆ ದೊಡ್ಡದು, ನಿಜ. ಆದರೂ ಅವರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಕಾಲ್ಡರ್ ಎಂಬ ತಂಡಕ್ಕೆ ಮೂರು ಊರುಗಳ ಟಿಕೆಟ್ ಹಣ ಸಿಗಬಹುದಿತ್ತೇ ಹೊರತು, ಸೋತ ವರ್ಷಗಳಲ್ಲೂ ಬಂದು ನಿಲ್ಲುವ ಜನ ಸಿಗುತ್ತಿರಲಿಲ್ಲ.

ಹಾಗೆ ಬಂದು ನಿಂತವರ ಗುರುತು ಮೈದಾನದಲ್ಲೇ ಇದೆ. ಸಾಲುಮನೆಗಳ ಬೆನ್ನಿಗೇ ಇರುವ ಆ ಮೈದಾನಕ್ಕೆ, 2007ರಲ್ಲಿ ಮುಚ್ಚಿದ ಸ್ಕಾರ್ಬರೋ ಫುಟ್‌ಬಾಲ್ ಕ್ಲಬ್ಬಿನ ಸ್ಟ್ಯಾಂಡನ್ನು ಕೊಂಡು, ಬಿಚ್ಚಿ ತಂದು ಜೋಡಿಸಿದ್ದಾರೆ. ಹೊಸದನ್ನು ಕಟ್ಟಿಸುವಷ್ಟು ಹಣವಿಲ್ಲದ ಊರು, ಇನ್ನೊಂದು ಊರು ಕಳೆದುಕೊಂಡ ಆಸನಗಳಲ್ಲಿ ಕುಳಿತು ತನ್ನ ತಂಡವನ್ನು ನೋಡಿದೆ.